ಹುರಿಯುವವರ ಹೆಸರು

ಕುಣಿಗಲ್‌ನಿಂದ ತುಮಕೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಶಶಿರೇಖಾ ಕಿಟಕಿಯ ಸರಳಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಾಳೆ. ನಿದ್ದೆ ಬರುತ್ತದೆ ಅಂತಲ್ಲ, ಪಕ್ಕದಲ್ಲಿ ಕೂತವರು ಮಾತಾಡಿಸದಿರಲಿ ಅಂತ. ಮಾತು ಅಂದರೆ ಅವಳಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಡಿಗ್ರಿಯನ್ನು ಕೊನೆಯ ಬೆಂಚಿನಲ್ಲಿ ಕೂತೇ ಮುಗಿಸಿದವಳು. ಕಂಡಕ್ಟರ್ ಚಿಲ್ಲರೆ ಕೊಡುವುದು ಮರೆತರೆ ಕೇಳುವುದಕ್ಕೂ ನಾಚಿಕೊಂಡು ಇಳಿದುಬಿಡುವವಳು. ಅಂಥವಳಿಗೆ ಕೆಲಸ ಸಿಕ್ಕಿದ್ದು ಮಾತನ್ನೇ ಮಾರುವ ಜಾಗದಲ್ಲಿ.

ಉಪ್ಪಾರಹಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಆಫೀಸು. ಸುತ್ತಮುತ್ತಲಿನ ಅಂಗಡಿ, ಕೋಚಿಂಗ್ ಸೆಂಟರು, ಕಲ್ಯಾಣ ಮಂಟಪಗಳ ಜಾಹೀರಾತನ್ನು ಫೇಸ್‌ಬುಕ್ಕು, ಇನ್‌ಸ್ಟಾಗ್ರಾಂಗಳಲ್ಲಿ ಓಡಿಸುವ ಕೆಲಸ. ಧಣಿ ಸಿದ್ಧಾರ್ಥ್‌ಗೆ ಇನ್ನೂ ಮೂವತ್ತು ದಾಟಿರಲಿಲ್ಲ, ಕಣ್ಣ ಕೆಳಗೆ ಮಾತ್ರ ಐವತ್ತರವನ ಕಪ್ಪು. ಪೋಸ್ಟರು, ವೀಡಿಯೋ ಎಲ್ಲ ಅಂಜನ್‌ಕುಮಾರನದು. ಕ್ಲೈಂಟುಗಳ ಹತ್ತಿರ ಮಾತಾಡಿ, ಅವರಿಗೆ ತೋರಿಸಿ, ‘ಹೂಂ’ ಅನ್ನಿಸಿಕೊಳ್ಳುವುದು ಶಶಿರೇಖಾಳದು. ಅವಳು ಅದನ್ನು ಆದಷ್ಟೂ ಮೆಸೇಜಿನಲ್ಲೇ ಮಾಡಿ ಮುಗಿಸುತ್ತಿದ್ದಳು.

ಮೊದಲೆಲ್ಲ ಇದು ವಾಟ್ಸಾಪ್ ಗ್ರೂಪುಗಳಲ್ಲೇ ನಡೆಯುತ್ತಿತ್ತು. ಯಾರು ಯಾರಿಗೆ ಏನು ಹೇಳಿದರು ಅನ್ನುವುದು ದೇವರಿಗೇ ಗೊತ್ತು. ಒಂದು ಸಲ ಸೀರೆ ಅಂಗಡಿಯ ಆಷಾಢದ ರಿಯಾಯಿತಿ ಹೋಗಿ ಹಲ್ಲಿನ ಡಾಕ್ಟರ ಪೇಜಿನಲ್ಲಿ ಕೂತಿತ್ತು. ಸಂಜೆಯ ತನಕ ಯಾರೂ ನೋಡಲಿಲ್ಲ. ಡಾಕ್ಟರಿಗೆ ಮಾತ್ರ ಫೋನ್ ಮೇಲೆ ಫೋನು: ಯಾವ ಸೀರೆಗೆ ಎಷ್ಟು ಅಂತ. ಅದಾದ ಮೇಲೆ ಸಿದ್ಧಾರ್ಥ್ ಒಂದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಟೂಲ್ ತಂದ. ಗೋಡೆಗೆ ದೊಡ್ಡ ಟೀವಿ ಬಂತು, ಟೀವಿಯಲ್ಲಿ ಬೋರ್ಡು. ಪ್ರತಿ ಕೆಲಸಕ್ಕೂ ಒಂದು ಕಾರ್ಡು, ಕಾರ್ಡಿನ ಮೇಲೆ ಮಾಡುವವರ ಹೆಸರು, ಗಡುವು. ‘ಮಾಡಬೇಕು’ ಕಾಲಂನಿಂದ ‘ಮಾಡ್ತಿದ್ದೀವಿ’, ಅಲ್ಲಿಂದ ‘ಒಪ್ಪಿಗೆ’, ಆಮೇಲೆ ‘ಪ್ರಕಟಣೆ’. ಗಡುವು ದಾಟಿದರೆ ಕಾರ್ಡು ಕೆಂಪಗಾಗುತ್ತದೆ, ಮುಗಿದರೆ ಹಸಿರು.

ಸುಳ್ಳು ಹೇಳಬಾರದು, ಬೋರ್ಡಿನಿಂದ ಉಪಯೋಗವಾಯಿತು. ಸೀರೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದು ನಿಂತಿತು. ಆದರೆ ಕಾರ್ಡುಗಳೆಲ್ಲ ಬಂದು ನಿಲ್ಲುತ್ತಿದ್ದದ್ದು ‘ಒಪ್ಪಿಗೆ’ಯ ಕಾಲಂನಲ್ಲಿ. ಆ ಕಾಲಂ ಶಶಿರೇಖಾಳದು. ಮದುವೆ ಛತ್ರದವರು ‘ನೋಡಣ ಬುಡಿ’ ಅನ್ನುತ್ತಿದ್ದರು. ಕೋಚಿಂಗ್ ಸೆಂಟರಿನವರು ಫೋನೇ ಎತ್ತುತ್ತಿರಲಿಲ್ಲ. ಬೆಳಗ್ಗೆ ಬಂದು ಚಪ್ಪಲಿ ಬಿಡುವಾಗ ಟೀವಿಯ ಕಡೆ ನೋಡಿದರೆ ಅವಳ ಹೆಸರಿನ ಕೆಳಗೆ ಒಣಮೆಣಸಿನಕಾಯಿ ಹರವಿದ ಹಾಗೆ ಕೆಂಪೋ ಕೆಂಪು.

“ಏನ್ ಶಶಿ, ಇವತ್ತೂ ನಿನ್ ಕಾಲಂಗೆ ದೃಷ್ಟಿ ತೆಗೀಬೇಕಾ?” ಅನ್ನುತ್ತಿದ್ದ ಅಂಜನ್‌ಕುಮಾರ್. ತಮಾಷೆಗೇ. ಅವಳು ನಕ್ಕು ಸುಮ್ಮನಾಗುತ್ತಿದ್ದಳು.

ಎಲ್ಲಕ್ಕಿಂತ ಹಳೆಯ ಕೆಂಪು ಗುಬ್ಬಿಯದು. ಗುಬ್ಬಿಯ ನರಸಯ್ಯ ದಿನಸಿ ಅಂಗಡಿಯವರು. ಮನೆಯಲ್ಲಿ ಮಾಡುವ ರಾಗಿ ಹುರಿಹಿಟ್ಟನ್ನು ಪ್ಯಾಕೆಟ್ಟು ಮಾಡಿ ಮಾರುತ್ತಿದ್ದರು, ಅದು ರಾಜ್ಯದ ತುಂಬ ಹೋಗಬೇಕು ಅಂತ ಅವರ ಆಸೆ. ಅಂಜನ್‌ಕುಮಾರ್ ಒಳ್ಳೆಯ ವೀಡಿಯೋ ಮಾಡಿದ್ದ: ಬಾಣಲೆಯಲ್ಲಿ ರಾಗಿ ಅರಳುವುದು, ಯಾವುದೋ ಅಜ್ಜಿಯ ಬಳೆಯ ಕೈ, ‘ನಿಮ್ಮ ಮನೆ ಬಾಗಿಲಿಗೆ, ಕರ್ನಾಟಕದಲ್ಲಿ ಎಲ್ಲಿದ್ದರೂ’ ಅನ್ನುವ ಅಕ್ಷರ. ನರಸಯ್ಯನವರಿಗೆ ಬಹಳ ಹಿಡಿಸಿತು. ಆದರೆ ಒಪ್ಪಿಗೆ ಕೊಡಲಿಲ್ಲ. ಹೊಸ ಕೆಲಸ ಏನೇ ಇರಲಿ, ಅವರ ಮನೆಯಲ್ಲಿ ಮೊದಲು ಮನೆದೇವಿ ಅಮ್ಮನ ಹತ್ತಿರ ಹೂ ಕೇಳಬೇಕು. ಬೀದಿಯ ಕೊನೆಯಲ್ಲಿ ಅವರದೇ ಮನೆತನದ ಒಂದು ಪುಟ್ಟ ಗುಡಿ. ದೇವಿಯ ಭುಜಗಳಿಗೆ ಹೂ ಸಿಕ್ಕಿಸಿ, ಮನಸ್ಸಿನಲ್ಲಿ ಕೇಳಿಕೊಂಡು ಕೂರುವುದು. ಬಲಕ್ಕೆ ಬಿದ್ದರೆ ಅಪ್ಪಣೆ. ಎಡಕ್ಕೆ ಬಿದ್ದರೆ ಬೇಡ. ಬೀಳದಿದ್ದರೆ, ಮುಂದಿನ ಮಂಗಳವಾರ ಮತ್ತೆ. ಮಂಗಳವಾರದ ಮೇಲೆ ಮಂಗಳವಾರ ಹೋಯಿತು, ಹೂ ಮಾತ್ರ ಅತ್ತಲೂ ಇಲ್ಲ, ಇತ್ತಲೂ ಇಲ್ಲ.

“ಹೂ ಬೀಳಲಿಲ್ಲ ಅಂತ ಬೋರ್ಡ್‌ನಲ್ಲಿ ಹೆಂಗ್ರೀ ಬರೆಯೋದು?” ಅಂತ ಸಿದ್ಧಾರ್ಥ್ ಸೋಮವಾರದ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಕೇಳಿದ. ಯಾರೋ ಕಿಸಕ್ಕೆಂದರು. ಅವನು ನಗಲಿಲ್ಲ. ಹಣೆ ಉಜ್ಜಿಕೊಂಡು ಹೊಸ ನಿಯಮ ಹೇಳಿದ: ಇನ್ನು ಮೇಲೆ ಎರಡು ದಿನ ಕ್ಲೈಂಟ್ ಏನೂ ಹೇಳದಿದ್ದರೆ ಒಪ್ಪಿಗೆ ಅಂತಲೇ ಲೆಕ್ಕ. ಕಾರ್ಡು ತಾನಾಗಿ ಮುಂದಿನ ಕಾಲಂಗೆ ಹೋಗುತ್ತದೆ, ಜಾಹೀರಾತು ತಾನಾಗಿ ಹೊರಡುತ್ತದೆ. ಗುಬ್ಬಿಯದು ಬುಧವಾರ ಬೆಳಗ್ಗೆ ಹೋಗುತ್ತದೆ.

“ಶಶಿ, ಇದು ಬುಧವಾರಕ್ಕೆ ಹಸಿರಾಗ್ಲಿಲ್ಲ ಅಂದ್ರೆ ಬರೋ ಸೋಮವಾರದಿಂದ ನೀನು ಕಾಲಿಂಗ್‌ಗೆ ಕೂತ್ಕೋ. ಬೇರೆ ದಾರಿ ಇಲ್ಲ ನಂಗೆ.”

ಕಾಲಿಂಗ್ ಅಂದರೆ ಮೂಲೆಯ ಆ ಮೇಜು. ಹೆಡ್‌ಫೋನ್ ಹಾಕಿಕೊಂಡು ಬೆಳಗಿನಿಂದ ಸಂಜೆಯ ತನಕ ಗುರುತಿಲ್ಲದವರಿಗೆ ಫೋನ್ ಮಾಡುವುದು: ‘ನಮಸ್ತೆ ಸಾರ್, ನಿಮ್ಮ ಬಿಸಿನೆಸ್‌ನ ಆನ್‌ಲೈನ್ ಮಾಡ್ಕೊಡ್ತೀವಿ.’ ಅಲ್ಲಿ ಕೂತಿದ್ದ ಇಬ್ಬರು ಈಗಾಗಲೇ ಕೆಲಸ ಬಿಟ್ಟಿದ್ದರು. ಬೈಗುಳ ಇಷ್ಟು ಬಗೆಯಲ್ಲಿ ಇರುತ್ತದೆ ಅಂತ ಗೊತ್ತೇ ಇರಲಿಲ್ಲ ಅಂದಿದ್ದಳು ಕೊನೆಯವಳು. ಆದರೆ ಈಗ ಶಶಿರೇಖಾ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕು, ಬುಧವಾರ ಕಾರ್ಡು ತಾನೇ ಹಸಿರಾಗುತ್ತಿತ್ತು.

ಸುಮ್ಮನಿರಲು ಅವಳಿಗೆ ಆಗಲಿಲ್ಲ. ಹೇಳದೆ ಕೇಳದೆ ಜಾಹೀರಾತು ಹೊರಟುಬಿಟ್ಟರೆ ಆ ಮನೆಯವರ ಮುಖ ಹೇಗೆ ನೋಡುವುದು? ಮಂಗಳವಾರ ಬೆಳಗ್ಗೆ, ಹತ್ತು ಸಲ ಯೋಚಿಸಿ, ನರಸಯ್ಯನವರಿಗೆ ಫೋನ್ ಮಾಡಿದಳು.

“ಇವತ್ತು ಸಂಜೆ ಕೇಳ್ತೀವಲ್ಲ ಮೇಡಂ, ನೀವೇ ಬಂದ್ಬುಡಿ,” ಅಂದರು ಅವರು. “ನಿಮ್ ಕಾಲ್ಗುಣಕ್ಕಾದ್ರೂ ಬೀಳ್ತದೇನೋ.”

ಸಿದ್ಧಾರ್ಥ್ ತಕ್ಷಣ ಒಪ್ಪಿದ. “ಹೋಗು. ಹೂ ಬಿದ್ರೆ ವೀಡಿಯೋ ಮಾಡ್ಕೊಂಡ್ ಬಾ, ರೀಲ್ ಆಗುತ್ತೆ.”

ಗುಬ್ಬಿಯಲ್ಲಿ ಬಸ್ಸಿಳಿದಾಗ ಬಿಸಿಲು ಇಳಿಯುತ್ತಿತ್ತು. ಗುಡಿ ಅಂದರೆ ನಾಲ್ಕು ಜನ ಒತ್ತಿಕೊಂಡು ಕೂರುವಷ್ಟು ಜಾಗ. ಒಳಗೆ ಕರಿಕಲ್ಲಿನ ದೇವಿ, ಅದರ ಮೈತುಂಬ ಅರಿಶಿನ. ಪೂಜೆ ಮಾಡುತ್ತಿದ್ದವರು ನರಸಯ್ಯನವರ ತಾಯಿ ರಂಗಲಕ್ಷ್ಮಮ್ಮ. ಗಂಡ ಹೋದ ಮೇಲೆ ಮಂಗಳವಾರದ ಪೂಜೆ ಅವರದೇ. ಸಣ್ಣ ಜೀವ, ಬೆನ್ನು ಸ್ವಲ್ಪ ಬಾಗಿದೆ. ಎರಡು ಭುಜಕ್ಕೂ ಕಣಗಿಲೆ ಹೂ ಸಿಕ್ಕಿಸಿ, ಕರ್ಪೂರ ಬೆಳಗಿ, ಮಗನ ಪಕ್ಕ ಕೈಮುಗಿದು ಕೂತರು. ನರಸಯ್ಯ ಕಣ್ಣು ಮುಚ್ಚಿದರು. ಶಶಿರೇಖಾ ಮೊಬೈಲು ಹಿಡಿಯಲೋ ಬೇಡವೋ ಅಂತ ನೋಡಿ, ಕೊನೆಗೆ ಬ್ಯಾಗಿನೊಳಗೆ ಇಟ್ಟಳು.

ಕೂತರು. ಕರ್ಪೂರ ಆರಿತು. ಹೂ ಅಲ್ಲಾಡಲಿಲ್ಲ. ಹೊರಗೆ ಒಂದು ಟ್ರ್ಯಾಕ್ಟರು ದಡದಡ ಹೋಯಿತು, ಆಗಲೂ ಅಲ್ಲಾಡಲಿಲ್ಲ. ಬೆಳಗಿನ ಬಸ್ಸು, ಆಫೀಸು, ಮತ್ತೆ ಈ ಬಸ್ಸು ಎಲ್ಲ ಸೇರಿ ಶಶಿರೇಖಾಳ ಕಣ್ಣು ತೂಗತೊಡಗಿತು. ದೇವರ ಮುಂದೆ ನಿದ್ದೆ ಮಾಡಿದರೆ ಏನಂದುಕೊಂಡಾರು ಅಂತ ಉಗುರಿನಿಂದ ಅಂಗೈ ಒತ್ತಿಕೊಂಡಳು.

“ಅಂಗಡೀಲಿ ಲೋಡ್ ಇಳೀತಿದೆ. ನೀನ್ ಕೂತಿರವ್ವ, ಬಂದೆ,” ಅಂತ ನರಸಯ್ಯ ಎದ್ದು ಹೋದರು.

ಅವರ ಚಪ್ಪಲಿಯ ಸದ್ದು ದೂರವಾದ ಮೇಲೆ ರಂಗಲಕ್ಷ್ಮಮ್ಮ ಗೋಡೆಗೆ ಒರಗಿ ಕಾಲು ಚಾಚಿದರು. ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತಾ ಇವಳ ಮುಖವನ್ನೇ ನೋಡಿದರು.

“ಯಾಕ್ ಮಗ, ಮುಖ ಇಷ್ಟ್ ಬಾಡೈತೆ? ಊಟ ಮಾಡ್ದಾ?”

“ಮಾಡ್ದೆ ಅಜ್ಜಿ.”

“ಮತ್ತೆ?”

ಬೇರೆ ಯಾರಾದರೂ ಕೇಳಿದ್ದರೆ ‘ಏನಿಲ್ಲ’ ಅನ್ನುತ್ತಿದ್ದಳು. ಆದರೆ ಆ ‘ಮತ್ತೆ’ಗೆ ಉತ್ತರ ಬೇಕೇ ಬೇಕು ಅನ್ನುವ ಆತುರ ಇರಲಿಲ್ಲ. ಅದಕ್ಕೇ ಇರಬೇಕು, ಬೋರ್ಡು, ಕೆಂಪು ಕಾರ್ಡು, ಮೂಲೆಯ ಮೇಜು ಎಲ್ಲ ಹೇಳಿಬಿಟ್ಟಳು. ಹೂ ಬೀಳಲಿ ಬಿಡಲಿ, ನಾಳೆ ಬೆಳಗ್ಗೆ ಜಾಹೀರಾತು ತಾನೇ ಹೊರಡುತ್ತದೆ ಅನ್ನುವುದನ್ನೂ.

“ಅಪ್ಪಣೆ ಇಲ್ದಂಗೇನಾ?”

“ಹೂಂ ಅಜ್ಜಿ. ಮಷೀನು. ಅದಕ್ಕೆ ಗೊತ್ತಾಗಲ್ಲ.”

ಮುದುಕಿ ಬಾಗಿಲ ಕಡೆ ಒಂದು ಸಲ ನೋಡಿ, ದನಿ ತಗ್ಗಿಸಿ, “ಹೂ ಎಲ್ಲಿ ಬೀಳ್ತದೆ ಮಗ,” ಅಂದರು. “ತೊಟ್ಟಿಗೆ ಹಸೀ ಅರಿಶಿನ ಮೆತ್ತಿ ಒತ್ತಿವ್ನಿ. ಬಿರುಗಾಳಿ ಬೀಸಿದ್ರೂ ಬೀಳಕಿಲ್ಲ ಅದು.”

ಶಶಿರೇಖಾಳಿಗೆ ನಗು ಬಂತು, ಜೊತೆಗೇ ಹೆದರಿಕೆಯೂ. ದೇವಿಯ ಕಡೆ ನೋಡಿದಳು.

“ಅವ್ಳಿಗೆ ಗೊತ್ತು ಬುಡು. ಅವ್ಳನ್ ಕೇಳೇ ಮಾಡಿವ್ನಿ. ಅವ್ಳೂ ಹೆಣ್ಣಲ್ವಾ.” ರಂಗಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. “ಬೇಡ ಅಂದ್ರೆ ಅವ್ನ ಆಸೆಗೆ ಕಲ್ಲ್ ಹಾಕ್ದಂಗಾಯ್ತದೆ. ಹೂಂ ಅಂದ್ರೆ ರಾಜ್ಯಕ್ಕೆಲ್ಲ ಹುರಿಯೋರ್ ಯಾರು? ಸೊಸೆ ಸ್ಕೂಲಿಗೆ ಕೆಲ್ಸಕ್ಕೆ ಹೋಯ್ತಾಳೆ. ಬಂದ್ ಮೇಲೆ ಅವ್ಳಿಗೂ ಸಾಕಾಗಿರ್ತದೆ. ಒಲೆ ಮುಂದೆ ಕೂತು ಆ ಬಾಂಡ್ಲೀಲಿ ಕೈಯಾಡಿಸಿ ಆಡಿಸಿ, ಈ ತೋಳು ತಲೆ ಬಾಚ್ಕೊಳಕ್ಕೂ ಮೇಲಕ್ ಏಳಕಿಲ್ಲ ಕಣವ್ವ.”

“ನಿಮ್ ಮಗಂಗೆ ಹೇಳಬಹುದಿತ್ತಲ್ಲ ಅಜ್ಜಿ.”

“ಏನಂತ? ಕೈಲಾಗಕಿಲ್ಲ ಅಂತ್ಲಾ?” ಅಂದವರು ಮತ್ತೆ ಬಲಭುಜ ಒತ್ತಿಕೊಂಡರು. ಆ ಮಾತನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಅಂತ ಶಶಿರೇಖಾಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮುದುಕಿ ಗೋಡೆ ಹಿಡಿದು ಎದ್ದರು. “ನಿನ್ ಹೊಟ್ಟೆಪಾಡಿಗೆ ತೊಂದ್ರೆ ಆಗೋದಾದ್ರೆ ಹೇಳು ಮಗ. ಅರಿಶಿನ ಒರೆಸಿ ಸಡಿಲಾಗಿ ಇಡ್ತೀನಿ. ಅವ್ನು ಬರೋಷ್ಟರಲ್ಲಿ ಬಿದ್ದಿರ್ತದೆ. ಆಮೇಲಿಂದು ನಾನ್ ನೋಡ್ಕೊಂತೀನಿ.”

ಬೆರಳು ಆಗಲೇ ಹೂವಿನ ಹತ್ತಿರ ಹೋಗಿತ್ತು. ‘ಇಡಿ ಅಜ್ಜಿ’ ಅನ್ನುವ ಮಾತು ಶಶಿರೇಖಾಳ ಗಂಟಲ ತನಕ ಬಂತು. ಅಷ್ಟೇ ಸಾಕಿತ್ತು. ಕಾರ್ಡು ಹಸಿರು, ಅವಳಿಗೆ ತನ್ನ ಮೇಜು, ತನ್ನ ಮೆಸೇಜುಗಳು, ತನ್ನ ಮೌನ. ಅಜ್ಜಿ ಎತ್ತಿದ ಆ ತೋಳನ್ನು ಅವಳು ನೋಡಿದಳು. ಭುಜದ ಮಟ್ಟಕ್ಕೆ ಬಂದು ಅದು ಅಲ್ಲೇ ನಡುಗುತ್ತಾ ನಿಂತಿತ್ತು. ಇನ್ನೊಂದು ಕೈ ಅದಕ್ಕೆ ಆಸರೆ ಕೊಟ್ಟಿತ್ತು.

“ಬೇಡ ಅಜ್ಜಿ, ಹಂಗೇ ಇರ್ಲಿ,” ಅಂದಳು. “ವಾರಕ್ಕೆ ಎಷ್ಟು ಹುರಿದ್ರೆ ನಿಮಗೆ ಕಷ್ಟ ಆಗಲ್ಲ?”

“ಯಾಕೆ?”

“ಸುಮ್ನೆ ಹೇಳಿ.”

“ವಾರಕ್ಕೊಂದಪ ಒಲೆ ಹಚ್ಚಬೋದು. ಹತ್ತು ಸೇರು ರಾಗಿ. ಅದ್ರ ಮೇಲೆ ಒಂದ್ ಕಾಳೂ ಆಗಕಿಲ್ಲ.”

ಅಂಗಡಿಗೆ ಇಬ್ಬರೂ ಜೊತೆಯಲ್ಲೇ ನಡೆದು ಬಂದರು. ಬರುವ ದಾರಿಯುದ್ದಕ್ಕೂ ಶಶಿರೇಖಾ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದಳು. ಮುದುಕಿಯ ಗುಟ್ಟು ಹೊರಬೀಳಬಾರದು. ಆದರೆ ಮಾತು ಆಗಲೇಬೇಕು. ಅಕ್ಕಿ ಮೂಟೆಗಳ ನಡುವೆ ನಿಂತಿದ್ದ ನರಸಯ್ಯ ತಾಯಿಯ ಮುಖ ನೋಡಿಯೇ, “ಇವತ್ತೂ ಇಲ್ವಾ?” ಅಂದರು. ಅವರ ಮುಖ ಸಣ್ಣದಾಯಿತು.

“ಸಾರ್, ಒಂದ್ ಡೀಟೇಲ್ ಬೇಕಿತ್ತು,” ಅಂತ ಶಶಿರೇಖಾ ಮೊಬೈಲು ತೆಗೆದಳು. ಅವಳಿಗೆ ತನ್ನ ದನಿ ಬೇರೆ ಯಾರದೋ ಅನ್ನಿಸಿತು. “ನಮ್ ಬೋರ್ಡ್‌ನಲ್ಲಿ ಪ್ರತಿ ಕೆಲಸಕ್ಕೂ ಮಾಡೋರ ಹೆಸರು ಹಾಕ್ಲೇಬೇಕು. ವೀಡಿಯೋಗೆ ಅಂಜನ್ ಅಂತಿದೆ, ಒಪ್ಪಿಗೆಗೆ ನನ್ ಹೆಸರಿದೆ. ಹುರಿಯೋದಕ್ಕೆ ಯಾರ ಹೆಸರು ಹಾಕ್ಲಿ?”

ಬೋರ್ಡಿನಲ್ಲಿ ಹುರಿಯುವುದಕ್ಕೆ ಜಾಗವೇ ಇರಲಿಲ್ಲ. ನಿಂತ ನಿಲುವಿನಲ್ಲೇ ಆ ಸಾಲನ್ನು ಅವಳು ಸೇರಿಸುತ್ತಿದ್ದಳು.

“ಅವ್ವಂದೇ ಹಾಕಿ. ಇನ್ಯಾರು.”

“ವಾರಕ್ಕೆ ಎಷ್ಟು ಅಂತ ಹಾಕ್ಲಿ ಸಾರ್?”

“ಎಷ್ಟ್ ಬೇಕಾದ್ರೂ ಹಾಕಿ! ನಮ್ಮವ್ವ ಗಟ್ಟಿಗಿತ್ತಿ.”

“ಎಷ್ಟ್ ಬೇಕಾದ್ರೂ ಅಂತ ತಗೊಳ್ಳಲ್ಲ ಸಾರ್ ಇದು. ಲೆಕ್ಕ ಬೇಕು. ಅಜ್ಜಿ, ನೀವೇ ಹೇಳಿ.”

ರಂಗಲಕ್ಷ್ಮಮ್ಮ ಬೇಳೆ ಮೂಟೆಯ ದಾರ ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದರು. ನರಸಯ್ಯ ತಕ್ಕಡಿಯ ಮೇಲಿನ ಕೈ ತೆಗೆದು ತಾಯಿಯನ್ನು ನೋಡಿದರು.

“ವಾರಕ್ಕೆ ಹತ್ತು ಸೇರು ಕಣ್ಲಾ,” ಅಂದರು ಅವರು, ದಾರಕ್ಕೇ ಹೇಳಿದ ಹಾಗೆ.

“ಹತ್ತು ಸೇರಾ? ಹತ್ತು ಸೇರ್ ನಮ್ ಬೀದಿಗೇ ಸಾಲಲ್ವಲ್ಲವ್ವ!”

“ಹಂಗಾರೆ ಬೀದಿಗೇ ಮಾರು.”

“ಏನಾಗಿದೆ ನಿಂಗೆ? ಹಬ್ಬದಾಗೆ ಮೂರ್ ಒಲೆ ಹಚ್ಚಿರ್ಲಿಲ್ವಾ?”

“ಹಚ್ಚಿದ್ದೆ. ಆಮೇಲೆ ಒಂದ್ ವಾರ ನಿನ್ ಹೆಂಡ್ತಿ ನಂಗೆ ಜಡೆ ಹಾಕುದ್ಲು. ನೀನ್ ನೋಡ್ಲಿಲ್ಲ.”

ಸಕ್ಕರೆ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಇಬ್ಬರನ್ನೂ ನೋಡಿ, ಆಮೇಲೆ ಬರ್ತೀನಿ ಅಂತ ಹೊರಟುಹೋದಳು. ನರಸಯ್ಯನವರ ಕಿವಿ ಕೆಂಪಾಗಿತ್ತು. ಹೊರಗಿನವಳ ಮುಂದೆ ಹೀಗಾಯಿತಲ್ಲ ಅನ್ನುವ ಸಿಟ್ಟೋ, ನೋಡಲಿಲ್ಲ ಅನ್ನುವ ಸಂಕಟವೋ. “ಹಂಗಾದ್ರೆ ಜಾಹೀರಾತೇ ಬೇಡ ಮೇಡಂ. ನಿಮ್ ಸಾರ್‌ಗೆ ಹೇಳ್ಬುಡಿ,” ಅಂದರು.

ಇಲ್ಲಿಗೆ ನಿಲ್ಲಿಸಿ ಬಸ್ಸು ಹತ್ತಬಹುದಿತ್ತು. ಕಾಲೂ ಅದನ್ನೇ ಹೇಳುತ್ತಿತ್ತು. “ಸಾರ್, ಹತ್ತು ಸೇರಿಗೇ ಜಾಹೀರಾತು ಮಾಡಬಹುದು,” ಅಂದಳು ಶಶಿರೇಖಾ. “ಇಡೀ ರಾಜ್ಯ ಬೇಡ. ಗುಬ್ಬಿ, ತುಮಕೂರು ಅಷ್ಟೇ. ವಾರಕ್ಕೆ ಇಷ್ಟೇ ಪ್ಯಾಕೆಟ್ಟು ಅಂತ ಮೊದ್ಲೇ ಬರೆಯೋಣ. ಅಷ್ಟು ಆರ್ಡರ್ ಬಂದ ತಕ್ಷಣ ಜಾಹೀರಾತು ನಿಲ್ಲಿಸೋದು. ದುಡ್ಡೂ ಸುಮ್ನೆ ಹೋಗಲ್ಲ. ಅಜ್ಜಿ ಇನ್ನೊಬ್ರಿಗೆ ಕಲಿಸಿದ್ರೆ ಆಗ ಜಾಸ್ತಿ ಮಾಡಣ.”

ಅಷ್ಟು ಮಾತನ್ನು ಒಂದೇ ಉಸಿರಿಗೆ ಅವಳು ಯಾವತ್ತೂ ಆಡಿರಲಿಲ್ಲ. ನರಸಯ್ಯ ತಕ್ಕಡಿಯ ತಟ್ಟೆಯನ್ನು ಬಟ್ಟೆಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. “ಯೋಚ್ನೆ ಮಾಡಿ ಹೇಳ್ತೀನಿ,” ಅಂದರು.

ಗುಬ್ಬಿ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಶಶಿರೇಖಾ ಕಾರ್ಡನ್ನು ‘ಒಪ್ಪಿಗೆ’ಯಿಂದ ತೆಗೆದು ಮತ್ತೆ ಮೊದಲನೆಯ ಕಾಲಂಗೆ ಎಳೆದಳು. ಬೆಳಗ್ಗೆ ತಾನೇ ಹೊರಡದ ಹಾಗೆ ಮಾಡಲು ಅದೊಂದೇ ದಾರಿ. ಗಡುವು ಯಾವತ್ತೋ ದಾಟಿದ್ದರಿಂದ ಅದು ಅಲ್ಲೂ ಕೆಂಪಗೇ ಕೂತಿತು, ಅವಳ ಹೆಸರಿನಲ್ಲೇ. ಬಸ್ಸು ಬರುವ ಮೊದಲೇ ಸಿದ್ಧಾರ್ಥ್‌ನ ಫೋನು ಬಂತು.

“ಜನ ಕಾರ್ಡ್ ಮುಂದಕ್ ತಳ್ತಾರೆ ಶಶಿ, ನೀನು ಹಿಂದಕ್ ಎಳೆದಿದ್ಯಲ್ಲ. ಏನಿದು? ಹೂ ಬೀಳ್ಲಿಲ್ವಾ?”

“ಇಲ್ಲ ಸಾರ್. ಹುರಿಯೋರು ಅಜ್ಜಿ ಒಬ್ರೇ. ವಾರಕ್ಕೆ ಹತ್ತೇ ಸೇರು ಆಗೋದು. ರಾಜ್ಯಕ್ಕೆಲ್ಲ ಜಾಹೀರಾತು ಕೊಟ್ರೆ ಆರ್ಡರ್ ತಗೊಂಡು ಕಳಿಸಕ್ಕಾಗ್ದೆ ಬೈಸ್ಕೊಬೇಕಾಗುತ್ತೆ. ನಾವು ಅದನ್ನ ಕೇಳೇ ಇರ್ಲಿಲ್ಲ.”

“ಸೋಮವಾರ ನಾನ್ ಹೇಳಿದ್ದು ನೆನಪಿದೆಯಲ್ಲ?”

“ಇದೆ ಸಾರ್.”

ಕುಣಿಗಲ್ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮನೆ ಮುಟ್ಟಿದವಳು ಊಟಕ್ಕೆ ಕೂತರೆ ತುತ್ತು ಎತ್ತುವುದೂ ಒಂದು ಕೆಲಸ ಅನ್ನಿಸಿತು.

ಶುಕ್ರವಾರ ನರಸಯ್ಯನವರೇ ಫೋನ್ ಮಾಡಿದರು. ಮಂಗಳವಾರದ ತನಕ ಕಾಯದೆ, ಹತ್ತು ಸೇರಿಗೇ ಆಗಲಿ ಅಂತ ಅವತ್ತು ಬೆಳಗ್ಗೆಯೇ ಕೇಳಿಕೊಂಡಿದ್ದರಂತೆ, ಹೂ ಇಟ್ಟು ಕೂರುವಷ್ಟರಲ್ಲಿ ಬಲಕ್ಕೆ ಬಿತ್ತಂತೆ. “ಅವ್ವ ಕಣ್ಣ್ ಬಿಡೋಕ್ ಮುಂಚೇನೇ ಬಿತ್ತು ಮೇಡಂ!” ಅಂದರು. ಶಶಿರೇಖಾ ಒಳ್ಳೆಯದಾಯಿತು ಸಾರ್ ಅಂದಳು, ಇನ್ನೇನೂ ಕೇಳಲಿಲ್ಲ. ಅಂಜನ್‌ಕುಮಾರ್ ‘ಎಲ್ಲಿದ್ದರೂ’ ಅನ್ನುವ ಅಕ್ಷರ ಅಳಿಸಿ ‘ಈ ವಾರಕ್ಕೆ ಇಷ್ಟೇ’ ಅಂತ ಹಾಕಿದ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಪ್ಯಾಕೆಟ್ಟುಗಳೆಲ್ಲ ಮುಗಿದವು, ಜಾಹೀರಾತು ನಿಂತಿತು. ಭಾರೀ ಲಾಭವೇನೂ ಅಲ್ಲ. ಯಾರೂ ಬೈಯಲಿಲ್ಲ, ಅಷ್ಟೇ. ಅಂಜನ್‌ಕುಮಾರ್ ಸದ್ದಿಲ್ಲದೆ ಬೇರೆ ಕಾರ್ಡುಗಳಿಗೂ ಒಂದು ಸಾಲು ಸೇರಿಸಿದ: ‘ಮಾಡೋರು ಯಾರು, ಎಷ್ಟು ಆಗುತ್ತೆ’. ಕಾರ್ಡು ಹಸಿರಾಯಿತು, ಆದರೆ ಈ ಟೂಲ್‌ನಲ್ಲಿ ತಡವಾಗಿ ಹಸಿರಾದದ್ದಕ್ಕೆ ಅಂಚಿನಲ್ಲಿ ಒಂದು ಕೆಂಪು ಚುಕ್ಕೆ ಉಳಿದುಬಿಡುತ್ತದೆ.

ಸೋಮವಾರ ಮೂಲೆಯ ಮೇಜಿನ ಮೇಲೆ ಹೆಡ್‌ಫೋನು, ನಂಬರುಗಳು ಕಾದಿದ್ದವು. ಸಿದ್ಧಾರ್ಥ್ ಅವಳನ್ನು ಪಕ್ಕಕ್ಕೆ ಕರೆದ. “ಕೆಲಸ ಚೆನ್ನಾಗಾಯ್ತು ಶಶಿ, ಇಲ್ಲ ಅನ್ನಲ್ಲ. ಆದ್ರೆ ಬುಧವಾರ ಅಂತ ಎಲ್ಲರ ಮುಂದೆ ಹೇಳ್ಬಿಟ್ಟಿದೀನಿ. ಆ ಸೀಟ್‌ಗೂ ಯಾರೂ ಸಿಕ್ತಿಲ್ಲ. ಒಂದ್ ತಿಂಗಳು ನೋಡು.” ಅವನೂ ರಾತ್ರಿ ಮಲಗಿದ ಹಾಗೆ ಕಾಣಲಿಲ್ಲ.

ಹೂಂ ಅನ್ನುವುದು ಅವಳ ಅಭ್ಯಾಸ. ಬಾಯಿ ಅದಕ್ಕೇ ಸಿದ್ಧವಾಗಿತ್ತು.

“ಮಧ್ಯಾಹ್ನ ಊಟದವರೆಗೆ ಮಾಡ್ತೀನಿ ಸಾರ್,” ಅಂದಳು. “ಅದರ ಮೇಲೆ ನನ್ ಕೈಲಾಗಲ್ಲ. ಊಟ ಆದ್ಮೇಲೆ ನನ್ ಕಾರ್ಡುಗಳನ್ನ ನಾನೇ ನೋಡ್ಕೊತೀನಿ.”

ಸಿದ್ಧಾರ್ಥ್ ಹಣೆ ಉಜ್ಜಿಕೊಂಡ. ಏನೋ ಹೇಳಲು ಹೊರಟವನು, ಅದಕ್ಕೂ ದಣಿವಾದವನ ಹಾಗೆ, “ಸರಿ, ಊಟದವರೆಗೆ,” ಅಂದು ತನ್ನ ಕುರ್ಚಿಗೆ ಹೋದ.

ಹೆಡ್‌ಫೋನಿನ ಸ್ಪಂಜಿಗೆ ಬೇರೆ ಯಾರದೋ ತಲೆಯೆಣ್ಣೆಯ ವಾಸನೆ ಇತ್ತು. ಕರವಸ್ತ್ರದಿಂದ ಒರೆಸಿ ಹಾಕಿಕೊಂಡಳು. ಮೊದಲನೆಯವರು ‘ನಮಸ್ತೆ’ಯನ್ನೂ ಮುಗಿಸಲು ಬಿಡದೆ ಫೋನಿಟ್ಟರು. ಎರಡನೆಯವರು ಬೈದರು, ಅಷ್ಟೇನೂ ಹೊಸ ಬೈಗುಳವಲ್ಲ. ಮೂರನೆಯ ನಂಬರಿನಲ್ಲಿ ಯಾರೋ ಹೆಂಗಸು, ಹಿಂದೆ ಹೊಲಿಗೆ ಮಷೀನಿನ ಸದ್ದು. “ಯಾರು? ಹೇಳಿ, ಬೇಗ ಹೇಳಿ,” ಅಂದಳು ಆಕೆ.

ಶಶಿರೇಖಾ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು, ಹೇಳತೊಡಗಿದಳು.